ಹನ್ನೊಂದನೇ ಬಿತ್ತನೆ

ಏಪ್ರಿಲ್ 7ಕ್ಕೆ ಐಪಿಎಲ್ 2018 ಶುರು. ಮಾರನೇ ದಿನವೇ ಈಡನ್ ಗಾರ್ಡನ್ಸಲ್ಲಿ ನಮ್ಮ ಆರ್‌ಸಿಬಿ ಮ್ಯಾಚು. ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಆಗಲೇ ‘ಈ ಸಲ ಕಪ್ ನಮ್ದೆ’ ಓಡಾಡ್ತಿದೆ. ಚೆನ್ನೈ ಕಡೆಯ ಸಹೋದ್ಯೋಗಿಯೊಬ್ಬ ಅದರ ಕೆಳಗೆ ಬರೀ ಒಂದು ನಗುವ ಸ್ಮೈಲಿ ಹಾಕಿ ಸುಮ್ಮನಾಗಿದ್ದಾನೆ. ಎರಡು ವರ್ಷ ನಿಷೇಧದಲ್ಲಿದ್ದು ವಾಪಸ್ ಬರ್ತಿರೋ ತಂಡದವನ ಧೈರ್ಯ ನೋಡಿ! ಇರಲಿ, ಭಾವನೆ ಬದಿಗಿಟ್ಟು ಒಂದ್ಸಲ ಲೆಕ್ಕ ಹಾಕೋಣ.

ಬ್ಯಾಟಿಂಗ್ ಬಗ್ಗೆ ಚಿಂತೆಯಿಲ್ಲ. 17 ಕೋಟಿಗೆ ಕೊಹ್ಲಿ, 11 ಕೋಟಿಗೆ ಡಿವಿಲಿಯರ್ಸ್ ಉಳಿದಿದ್ದಾರೆ. ಡಿ ಕಾಕ್ ಬಂದಿದ್ದಾನೆ, ಮೆಕಲಂ ಬಂದಿದ್ದಾನೆ. 2008ರ ಮೊಟ್ಟಮೊದಲ ಮ್ಯಾಚಲ್ಲಿ ಕೋಲ್ಕತ್ತಾ ಪರ 158 ಹೊಡೆದು, ನಮ್ಮನ್ನು 82ಕ್ಕೆ ಆಲೌಟ್ ಆಗೋಕೆ ಕಳಿಸಿದ ಅದೇ ಮೆಕಲಂ. ಹತ್ತು ವರ್ಷದ ಮೇಲೆ ನಮ್ಮ ಜರ್ಸಿ ಹಾಕ್ಕೊಂಡು ಅದೇ ಕೋಲ್ಕತ್ತಾ ವಿರುದ್ಧ ಇಳೀತಾನೆ. ಸಾಲ ವಸೂಲಿಗೆ ಇದಕ್ಕಿಂತ ಒಳ್ಳೇ ದಿನ ಬೇಕಾ?

ನಮ್ಮ ರೋಗ ಇರೋದು ಬೌಲಿಂಗಲ್ಲಿ, ಅದರಲ್ಲೂ ಕೊನೆಯ ನಾಲ್ಕು ಓವರಲ್ಲಿ. 2016ರ ಫೈನಲ್ ನೆನಪಿಸಿಕೊಳ್ಳಿ. ಚಿನ್ನಸ್ವಾಮಿಯಲ್ಲೇ ಹೈದರಾಬಾದಿಗೆ 208 ಬಿಟ್ಟುಕೊಟ್ವಿ. 20ನೇ ಓವರೊಂದರಲ್ಲೇ 24 ರನ್. ಆಮೇಲೆ ಗೇಲ್, ಕೊಹ್ಲಿ ಸೇರಿ ಹತ್ತೂವರೆ ಓವರಿಗೆ 114 ಹೊಡೆದರೂ ಸೋತಿದ್ದು 8 ರನ್ನಿಂದ. ಚಿಕ್ಕ ಬೌಂಡರಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು; ಇಲ್ಲಿ ಬೌಲರ್‌ಗಳ ಪಾಡು ದೇವರಿಗೇ ಪ್ರೀತಿ. ಈ ಸಲ ಚಾಹಲ್‌ಗೆ 6 ಕೋಟಿ, ಉಮೇಶ್‌ಗೆ 4.2, ವೋಕ್ಸ್‌ಗೆ 7.4 ಕೋಟಿ ಕೊಟ್ಟಿದ್ದಾರೆ. ಜೊತೆಗೆ ಸಿರಾಜ್, ವಾಷಿಂಗ್ಟನ್ ಸುಂದರ್. ಹೋದ ವರ್ಷಕ್ಕಿಂತ ಪರವಾಗಿಲ್ಲ. ಹೋದ ವರ್ಷ ಅಂದ್ರೆ 49ಕ್ಕೆ ಆಲೌಟಾಗಿ, ಪಟ್ಟಿಯಲ್ಲಿ ಕೊನೆಗೆ ನಿಂತ ವರ್ಷ. ಅದಕ್ಕಿಂತ ಕೆಳಗೆ ಹೋಗೋಕೆ ಜಾಗವೂ ಇಲ್ಲ ಬಿಡಿ.

ಒಂದು ಬೇಜಾರು ಮಾತ್ರ ಇದೆ. ರಾಹುಲ್ ಪಂಜಾಬಿಗೆ ಹೋದ, ಮನೀಶ್ ಪಾಂಡೆ ಹೈದರಾಬಾದಿಗೆ, ಇಬ್ಬರಿಗೂ ತಲಾ 11 ಕೋಟಿ. ಗೌತಮ್ ರಾಜಸ್ಥಾನಕ್ಕೆ. 2009ರ ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದು, 6 ರನ್ನಿಂದ ಸೋತಾಗ ‘ನಮ್ಮೋರು ಸೋತರು’ ಅಂತ ಹೊಟ್ಟೆ ಉರೀತಿತ್ತು. ಈಗಲೂ ‘ನಮ್ದೆ’ ಅಂತೀವಿ. ಹೆಸರಲ್ಲಿ ಬೆಂಗಳೂರು ಅಂತ ಇದೆಯಲ್ಲ, ಅಷ್ಟೇ ಸಾಕಾಗುತ್ತೆ.

ಈಗ ಇಂಜಿನಿಯರ್ ಬುದ್ಧಿ. ಎಂಟು ತಂಡಗಳೂ ಸಮಬಲ ಅಂದ್ಕೊಳ್ಳಿ, ಕಪ್ ಸಿಗುವ ಅವಕಾಶ ಎಂಟರಲ್ಲಿ ಒಂದು. ಹಾಗಿದ್ದರೆ ಹತ್ತು ವರ್ಷವೂ ಬರಿಗೈಯಲ್ಲಿ ಬರುವ ಸಾಧ್ಯತೆ ಶೇಕಡಾ 26. ಅಂದರೆ ನಾಲ್ಕರಲ್ಲೊಂದು. ಶಾಪವೂ ಅಲ್ಲ, ಜರ್ಸಿ ಬಣ್ಣದ ದೋಷವೂ ಅಲ್ಲ. 14 ಮ್ಯಾಚಲ್ಲಿ 8 ಗೆದ್ದರೆ ಸಾಮಾನ್ಯವಾಗಿ ಮೊದಲ ನಾಲ್ಕರಲ್ಲಿ ಜಾಗ ಸಿಗುತ್ತೆ. ಪ್ರತಿ ಮ್ಯಾಚೂ ನಾಣ್ಯ ಚಿಮ್ಮಿದಂತೆ ಅಂದ್ಕೊಂಡರೆ ಅದರ ಸಾಧ್ಯತೆ ಹತ್ತಿರ ಹತ್ತಿರ ಶೇಕಡಾ 40.

ಇದನ್ನೆಲ್ಲ ಹೋದ ವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ನಮ್ಮೂರು ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ, ಹಂಗಳದ ಕಡೆ. ಮಳೆ ನಂಬಿದ ನಾಲ್ಕೆಕರೆ. ಸೂರ್ಯಕಾಂತಿ, ಜೋಳ. ಬೆಂಗಳೂರಿನ ಯಾರೋ ಬಂದು ಹೊಲಕ್ಕೆ ಬೆಲೆ ಕಟ್ಟಿ ಹೋಗಿದ್ದಾರೆ. ಬೀಜ, ಗೊಬ್ಬರ, ಕೂಲಿ, ಎಣ್ಣೆಕಾಳಿನ ರೇಟು ಎಲ್ಲ ಹಾಕಿ ನಾನು ಎಕ್ಸೆಲ್ ಶೀಟೂ ಮಾಡಿಟ್ಟಿದ್ದೆ. ಶೀಟಿನ ಪ್ರಕಾರ ಮಾರೋದೇ ಸರಿ. ಅಪ್ಪ ಮೊಬೈಲಲ್ಲಿ ಅದನ್ನ ನೋಡಿ ಕೇಳಿದ್ದು ಒಂದೇ: “ನಿಮ್ಮೋರು ಹತ್ತು ವರ್ಸ ಸೋತವ್ರಲ್ಲ, ಅವರನ್ನ ಬುಟ್ಬುಟ್ಟಾ?”

ನನ್ನ ಹತ್ತಿರ ಉತ್ತರ ಇತ್ತು. ಆರ್‌ಸಿಬಿ ಸೋತರೆ ನನ್ನ ಜೇಬಿಂದ ಹೋಗೋದು ಒಂದು ರಾತ್ರಿಯ ನಿದ್ದೆ. ಭರಣಿ ಮಳೆ ಕೈಕೊಟ್ಟರೆ ಅಪ್ಪನ ಬೀಜ ಮಣ್ಣಲ್ಲೇ ಹುರಿದುಹೋಗುತ್ತೆ. 2016ರಲ್ಲಿ ಎರಡೂ ಆಯ್ತು. ಮೇ ಕೊನೆಗೆ ನಾನು ಫೈನಲ್ ಸೋತೆ, ಆಗಸ್ಟಿನ ಹೊತ್ತಿಗೆ ಅಪ್ಪ ಬೆಳೆ ಸೋತರು. ಎರಡೂ ನಂಬಿಕೆಯೇ, ಆದರೆ ಬೆಲೆ ಒಂದೇ ಅಲ್ಲ. ನನ್ನದು ಬಿಟ್ಟಿ ನಂಬಿಕೆ, ಅವರದ್ದು ಸಾಲ ತಂದ ನಂಬಿಕೆ. ಹೇಳಿದೆ ಕೂಡ. ಅಪ್ಪ ಬೀಡಿ ಹಚ್ಚುತ್ತಾ, “ಬಂದ್ರ ಬತ್ತುದ, ಬರ್ದಿದ್ರ ಇಲ್ಲ. ಹಂಗಂತ ಹೊಲನ ಬೀಳು ಬುಡಕ್ಕಾದ್ದಾ?” ಅಂದರು. ಈ ವರ್ಷದ ಬೀಜದ ದುಡ್ಡು ನಾನೇ ಕೊಡ್ತೀನಿ ಅಂತ ಹೇಳಿ ಬಂದಿದ್ದೇನೆ. ಶೀಟು ಡಿಲೀಟ್ ಮಾಡಿಲ್ಲ, ಆ ಮಾತು ಇನ್ನೂ ಮುಗಿದಿಲ್ಲ.

ಸರಿ, ನನ್ನ ಅಂದಾಜು ಬರೆದಿಟ್ಟುಕೊಳ್ಳಿ. 8 ಗೆಲುವು, 6 ಸೋಲು, ನಾಲ್ಕನೇ ಸ್ಥಾನ. ಚಾಹಲ್ ಚೆನ್ನಾಗಿ ಹಾಕಿದರೆ ಮೂರನೇದು. ಡೆತ್ ಓವರಲ್ಲಿ ಮತ್ತೆ ಹಳೇ ಕಥೆಯಾದರೆ ಆರನೇದು. ಅಶ್ವಿನಿ, ಭರಣಿ, ಕೃತ್ತಿಕೆ ಮೂರೂ ಮಳೆ ಈ ಟೂರ್ನಿಯ ನಡುವೆಯೇ ಬಂದುಹೋಗ್ತವೆ. ಫೈನಲ್ ಮೇ 27ಕ್ಕೆ, ರೋಹಿಣಿಯಲ್ಲಿ. ಮೊದಲು ಆ ಎಂಟು ಗೆಲ್ಲಲಿ, ಕಪ್ಪಿನ ಮಾತು ಆಮೇಲೆ.