ಹತ್ತೇ ಸಾಲು

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವವನಿಗೆ ಎರಡು ಭಯ: ಒಂದು ಮನೆಯ ಯಜಮಾನರದು, ಇನ್ನೊಂದು ಗೋಡೆಯೊಳಗಿನ ವಿದ್ಯುತ್ ತಂತಿಯದು. ಕೊಂಡು ತಂದ ತಂತ್ರಾಂಶದ ಮೂಲವನ್ನು ತಿದ್ದುವವರಲ್ಲಿ ಮೊದಲನೆಯದು ತಕ್ಕಮಟ್ಟಿಗೆ ಇರುತ್ತದೆ, ಎರಡನೆಯದೇ ಕಾಣೆ.

ಎಸ್‌ಎಪಿ ಎಂಬ ಜರ್ಮನ್ ಕಂಪೆನಿಯ ಹೆಸರನ್ನು ಓದುಗರಲ್ಲಿ ಹಲವರು ಮಕ್ಕಳ, ಅಳಿಯಂದಿರ ಬಾಯಲ್ಲಿ ಕೇಳಿರಬಹುದು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಕಟ್ಟಿದ ಸಂಸ್ಥೆ. ಕಾರ್ಖಾನೆಯ ಖರೀದಿ, ಉಗ್ರಾಣ, ಸಂಬಳ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಹೆಣೆದುಕೊಡುವ ವ್ಯವಸ್ಥೆ ಅದರದು. ವಿಶೇಷವೆಂದರೆ, ಅಬಾಪ್ ಭಾಷೆಯಲ್ಲಿರುವ ಅದರ ಪ್ರೋಗ್ರಾಮುಗಳನ್ನು ಗಿರಾಕಿಯೂ ತೆರೆದು ಓದಬಹುದು. ಓದಿದ ಮೇಲೆ ತಿದ್ದಲು ಕೈ ತುರಿಸದೆ ಇದ್ದೀತೆ? ಗಿರಾಕಿಯ ಸ್ವಂತ ಬರವಣಿಗೆಗೆಂದು ವೈ, ಝಡ್ ಅಕ್ಷರಗಳಿಂದ ತೊಡಗುವ ಹೆಸರುಗಳನ್ನು ಬಿಟ್ಟುಕೊಟ್ಟಿದ್ದಾರೆ. ಮಿಕ್ಕದ್ದು ಅವರ ಹಿತ್ತಲು. ಹಿಂದೆ ಆ ಹಿತ್ತಲಿಗೆ ಕಾಲಿಡಲು ಕಂಪೆನಿಯಿಂದ ಅಂಕಿಗಳ ಬೀಗದ ಕೈ ತರಿಸಬೇಕಿತ್ತು. 2015ರಲ್ಲಿ ಬಂದ ಎಸ್/4 ಹಾನಾದಲ್ಲಿ ಆ ಬೀಗವೂ ಇಲ್ಲ.

ನಾನು ಕೆಲಸಕ್ಕಿದ್ದ ಕಾರ್ಖಾನೆಯೊಂದರಲ್ಲಿ ಹಿರಿಯರೊಬ್ಬರು ಪಾವತಿಯ ಸಿದ್ಧ ಪ್ರೋಗ್ರಾಮಿನೊಳಗೆ ಹತ್ತು ಸಾಲು ಸೇರಿಸಿದ್ದರು. ಪೀಣ್ಯದ ಸಣ್ಣ ವರ್ಕ್‌ಷಾಪುಗಳ ಬಿಲ್ಲುಗಳನ್ನು ಮೊದಲು ಎತ್ತಿಡುವ ಸಾಲುಗಳು. ಉದ್ದೇಶ ಅಪ್ಪಟ ಚಿನ್ನ. ಆದರೆ ಪಕ್ಕದಲ್ಲಿ ಕಾರಣ ಬರೆದಿರಲಿಲ್ಲ. ಅವರು ನಿವೃತ್ತರಾದರು, ವರ್ಷಗಳು ಉರುಳಿದುವು.

ಹೊಸ ಆವೃತ್ತಿ ಬಂದಾಗ, ಕಂಪೆನಿ ಬದಲಾಯಿಸಿದ ಪ್ರೋಗ್ರಾಮುಗಳಲ್ಲಿ ನೀವೂ ಕೈಯಾಡಿಸಿದ್ದರೆ ಅವುಗಳ ಪಟ್ಟಿ ಎದುರಿಗೆ ಬಂದು ನಿಲ್ಲುತ್ತದೆ. ಎಸ್‌ಪಿಎಯು ಎಂದು ಅದರ ಹೆಸರು. ಒಂದೊಂದಕ್ಕೂ ಉತ್ತರ ಹೇಳಬೇಕು: ತಿದ್ದುಪಡಿ ಉಳಿಯಬೇಕೋ, ಮೂಲಕ್ಕೆ ಮರಳಬೇಕೋ? ನಮ್ಮ ಪಟ್ಟಿ ಹನುಮಂತನ ಬಾಲದಂತಿತ್ತು. ಕಾಲಾವಕಾಶ ಎರಡು ವಾರ. ಹೊರಗಿನಿಂದ ಬಂದ ತರುಣರು, ಕಾರಣ ತಿಳಿಯದ್ದೆಲ್ಲ ಮೂಲಕ್ಕೆ ಎಂದು ತೀರ್ಮಾನಿಸಿದರು. ಅವರನ್ನು ದೂರಲಾರೆ. ಅರ್ಥವಾಗದ ಸಾಲನ್ನು ಉಳಿಸಿದ್ದರೆ ಅದು ಹೊಸ ಪ್ರೋಗ್ರಾಮಿನಲ್ಲಿ ಇನ್ನೇನನ್ನು ಕೆಡಿಸುತ್ತಿತ್ತೋ! ಹಣ ಪಾವತಿಯಾಗುತ್ತದೆಯೇ ಎಂದು ಪರೀಕ್ಷಿಸಿದರು, ಆಯಿತು. ಯಾರಿಗೆ ಮೊದಲು ಎಂದು ಕೇಳುವವರಿರಲಿಲ್ಲ.

ಎರಡು ತಿಂಗಳ ಮೇಲೆ ಲೆಕ್ಕದ ವಿಭಾಗದ ಬಾಗಿಲಲ್ಲಿ ಎಣ್ಣೆಕಲೆಯ ಅಂಗಿ ತೊಟ್ಟವರೊಬ್ಬರು ನಿಂತಿದ್ದರು. “ಹುಡುಗರ ಸಂಬಳ ನಿಂತಿದೆ ಸ್ವಾಮಿ. ನಮ್ಮ ಮಾಲಿನಲ್ಲಿ ಏನಾದರೂ ದೋಷ ಕಂಡಿತೆ?” ಎಂದರು. ಸಣ್ಣ ಉದ್ಯಮಗಳಿಗೆ ಹಣ ಕೊಡಲು 45 ದಿನ ಮೀರಬಾರದೆಂದು 2006ರ ಕಾಯಿದೆ ಹೇಳುತ್ತದೆ. ಅವರು ಕಾಯಿದೆಯ ಮಾತೇ ಎತ್ತಲಿಲ್ಲ.

ಇದೇನು ನಮ್ಮೂರಿನ ರೋಗವಲ್ಲ. ಲಿಡ್ಲ್ ಎಂಬ ಜರ್ಮನ್ ಅಂಗಡಿ ಸಮೂಹ, ದಾಸ್ತಾನನ್ನು ಕೊಂಡ ಬೆಲೆಯಲ್ಲೇ ಲೆಕ್ಕವಿಡುವ ತನ್ನ ಪದ್ಧತಿಗೆ ಇದೇ ತಂತ್ರಾಂಶವನ್ನು ಬಗ್ಗಿಸಹೋಗಿ, 2018ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಖರ್ಚು ಸುಮಾರು 50 ಕೋಟಿ ಯೂರೋ ಎಂದು ಪತ್ರಿಕೆಗಳು ಬರೆದುವು. ಅಷ್ಟು ದೊಡ್ಡವರ ನಷ್ಟಕ್ಕೆ ಮರುಗುವವರು ಬೇರೆ ಇದ್ದಾರೆ.

ಪ್ರೋಗ್ರಾಮಿನ ನಡುವೆ ಅಲ್ಲಲ್ಲಿ ಕಂಪೆನಿಯೇ ಕಿಟಕಿಗಳನ್ನು ಬಿಟ್ಟಿದೆ. ‘ಬ್ಯಾಡಿ’ ಎಂಬುದು ಅಂಥದೊಂದು. ಅಲ್ಲಿ ಬರೆದದ್ದು ಆವೃತ್ತಿ ಬದಲಾದರೂ ಬಹುಮಟ್ಟಿಗೆ ಉಳಿಯುತ್ತದೆ. ಅಂತೂ ನಿವೃತ್ತ ಹಿರಿಯರಿಗೆ ಫೋನು ಮಾಡಿ ಕಾರಣ ತಿಳಿದುಕೊಂಡು, ಆ ಸಾಲುಗಳನ್ನು ಕಿಟಕಿಯೊಂದರಲ್ಲಿ ಹೊಸದಾಗಿ ಬರೆಸಿದೆವು, ಮೇಲೊಂದು ಟಿಪ್ಪಣಿಯೊಡನೆ. ಹಿರಿಯರು ಪ್ರೋಗ್ರಾಮಿನ ವಿಚಾರ ಹೆಚ್ಚು ಕೇಳಲಿಲ್ಲ. “ಅವರ ಲೇತು ಇನ್ನೂ ಓಡುತ್ತಿದೆ ತಾನೆ?” ಎಂದಷ್ಟೇ ವಿಚಾರಿಸಿದರು.