ಒಂದು ಗುಬ್ಬಿ, ಹಲವು ಗೂಡು

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣದ ಹತ್ತಿರ ಒಂದು ರಸ್ತೆಯಿದೆ. ಅದರ ಹೆಸರು ಗುಬ್ಬಿ ತೋಟದಪ್ಪ ರಸ್ತೆ. ತುಮಕೂರಿನಲ್ಲಿ ನಾಟಕ ನೋಡಲು ಜನ ಹೋಗುವ ಜಾಗ ಗುಬ್ಬಿ ವೀರಣ್ಣ ಕಲಾಕ್ಷೇತ್ರ. ಕನ್ನಡ ಸಾಹಿತ್ಯ ಚರಿತ್ರೆಯ ಪುಸ್ತಕ ತೆರೆದರೆ ಅಲ್ಲಿ ಗುಬ್ಬಿಯ ಮಲ್ಲಣಾರ್ಯ ಎಂಬ ಕವಿ. ಮನೆಯ ಹಿರಿಯರನ್ನು ಹಳೆಯ ನಾಟಕಗಳ ಬಗ್ಗೆ ಕೇಳಿದರೆ ಅವರ ಬಾಯಿಂದ ಮೊದಲು ಬರುವ ಹೆಸರು ಗುಬ್ಬಿ ಕಂಪನಿ. ವಿಜ್ಞಾನದ ಸುದ್ದಿ ಓದುವ ಅಕ್ಕ, ಅಣ್ಣಂದಿರಿಗೆ ಗುಬ್ಬಿ ಲ್ಯಾಬ್ಸ್ ಗೊತ್ತು. ಇವೆಲ್ಲ ಇರಲಿ, ಅಂಗಳಕ್ಕೆ ಬಂದು ಅಕ್ಕಿ ಹೆಕ್ಕಿ ‘ಚಿಂವ್ ಚಿಂವ್’ ಎನ್ನುವ ಗುಬ್ಬಿ ಮರಿಗೆ ಗೊತ್ತಿರುವ ಗುಬ್ಬಿಯೇ ಬೇರೆ!

ರಸ್ತೆ, ರಂಗಮಂದಿರ, ಕವಿ, ಕಂಪನಿ, ಪ್ರಯೋಗಾಲಯ, ಹಕ್ಕಿ. ಎಲ್ಲಕ್ಕೂ ಒಂದೇ ಹೆಸರು. ಹಕ್ಕಿಯೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಊರಿನಿಂದ ಹಾರಿ ಹೋದವು. ಆ ಊರನ್ನು ನೋಡಿ ಬರೋಣ, ಬನ್ನಿ.

ನದಿಯ ದಾರಿ, ಬಸ್ಸಿನ ದಾರಿ

ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆಯವರಿಗೆ ಗುಬ್ಬಿ ದೂರದ ಊರಲ್ಲ. ಬಸ್ಸಿನಲ್ಲಿ ಹೋಗುವವರು ಕುಣಿಗಲ್‌ಗೆ ಬಂದು, ಹೆಬ್ಬೂರಿನ ಮೇಲೆ ತುಮಕೂರು ತಲುಪಿ, ಅಲ್ಲಿಂದ ಶಿವಮೊಗ್ಗದ ರಸ್ತೆ ಹಿಡಿಯಬೇಕು. ತುಮಕೂರಿನಿಂದ ಸುಮಾರು 20 ಕಿಲೋಮೀಟರ್. ರೈಲೂ ಇದೆ. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ಹಳಿಯ ಮೇಲೆ ಗುಬ್ಬಿ ಒಂದು ನಿಲ್ದಾಣ.

ಆದರೆ ಈ ಎರಡು ತಾಲ್ಲೂಕುಗಳ ನಡುವೆ ಬಸ್ಸಿಗಿಂತ ಎಷ್ಟೋ ಮೊದಲೇ ಓಡಾಡುತ್ತಿದ್ದದ್ದು ಶಿಂಷಾ ನದಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆ ಗುಬ್ಬಿ ತಾಲ್ಲೂಕಿಗೆ ಬಂದು ಕಡಬದ ದೊಡ್ಡ ಕೆರೆಯನ್ನು ತುಂಬಿಸುತ್ತಾಳೆ. ಅಲ್ಲಿಂದ ಕುಣಿಗಲ್ ತಾಲ್ಲೂಕಿಗೆ ಇಳಿದು, ಅಮೃತೂರಿಗೆ ಹತ್ತಿರದ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮದ್ದೂರಿನ ಕಡೆ ಹೊರಡುತ್ತಾಳೆ. ಗುಬ್ಬಿಯ ಕಡೆ ಚೆನ್ನಾಗಿ ಮಳೆಯಾದರೆ ಅಮೃತೂರಿನ ಕಡೆಯ ಗದ್ದೆಗಳು ನಗುತ್ತವೆ. ಮೇಲಿನ ಊರು ನೀರು ಕೊಟ್ಟಿತು. ಹೆಸರನ್ನು ಹೇಗೆ ಬೆಳೆಸುವುದೆಂಬ ಪಾಠವನ್ನೂ ಆ ಊರಿನಿಂದ ಕಲಿಯಬಹುದು.

ಪುರಾಣ ಕೇಳಿದ ಹಕ್ಕಿಗಳು

ಊರಿಗೆ ಹಕ್ಕಿಯ ಹೆಸರು ಹೇಗೆ ಬಂತು? ಅದಕ್ಕೊಂದು ಕಥೆಯಿದೆ. ಹಿಂದೆ ಈ ಊರಿಗೆ ಅಮರಗೊಂಡ ಎಂಬ ಹೆಸರಿತ್ತಂತೆ. ಅಲ್ಲಿನ ದೇವಾಲಯದಲ್ಲಿ ದಿನವೂ ಪುರಾಣ ಪ್ರವಚನ ನಡೆಯುತ್ತಿತ್ತಂತೆ. ಜನರೆಲ್ಲ ಕೆಳಗೆ ಕೂತು ಕೇಳುತ್ತಿದ್ದರೆ, ಮೇಲೆ ಎರಡು ಗುಬ್ಬಿಗಳು ಕೂತು ಕೇಳುತ್ತಿದ್ದವಂತೆ. ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಪುರಾಣ ಮುಗಿದು ಮಂಗಳ ಹಾಡಿದ ದಿನ ಎರಡೂ ಹಕ್ಕಿಗಳು ಕೆಳಗೆ ಬಿದ್ದು ಪ್ರಾಣ ಬಿಟ್ಟವಂತೆ. ಅವುಗಳ ಭಕ್ತಿಗೆ ಬೆರಗಾದ ಜನ ಊರಿಗೇ ಗುಬ್ಬಿ ಎಂದು ಹೆಸರಿಟ್ಟರಂತೆ.

ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೂ ಎಷ್ಟು ಚೆಂದ ನೋಡಿ! ಊರುಗಳಿಗೆ ರಾಜರ ಹೆಸರು, ದೇವರ ಹೆಸರು, ಮರದ ಹೆಸರು ಇಡುವುದುಂಟು. ಇಲ್ಲಿ ಮಾತ್ರ ಕಥೆ ಕೇಳಲು ಬಂದ ಎರಡು ಪುಟ್ಟ ಕೇಳುಗರ ಹೆಸರು ಊರಿಗೆ ನಿಂತಿದೆ.

ಕಥೆ ಕೇಳುವ ಊರಿನಲ್ಲಿ ಕಥೆ ಹೇಳುವವರೂ ಹುಟ್ಟಬೇಕಲ್ಲವೇ? ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲದಲ್ಲಿ ಗುಬ್ಬಿಯ ಮಲ್ಲಣಾರ್ಯ ಎಂಬ ಕವಿ 1513ರಲ್ಲಿ ‘ಭಾವಚಿಂತಾರತ್ನ’ ಎಂಬ ಕಾವ್ಯ ಬರೆದ. ಅದು ಸತ್ಯೇಂದ್ರ ಚೋಳನೆಂಬ ರಾಜನ ಕಥೆ. 1530ರಲ್ಲಿ ‘ವೀರಶೈವಾಮೃತ ಪುರಾಣ’ ಬರೆದು ಮುಗಿಸಿದ. ಐನೂರು ವರ್ಷ ಕಳೆದರೂ ಅವನನ್ನು ನಾವು ಗುರುತಿಸುವುದು ಊರಿನ ಹೆಸರಿನಿಂದಲೇ.

ಅಡಿಕೆ ಮಂಡಿಯಿಂದ ಛತ್ರದವರೆಗೆ

ಗುಬ್ಬಿಯ ಸುತ್ತ ಇಂದು ಕಣ್ಣು ಹಾಯಿಸಿದಷ್ಟೂ ತೆಂಗು, ಅಡಿಕೆ. ಆದರೆ ಊರು ಬೆಳೆದದ್ದು ಬೆಳೆಯಿಂದ ಮಾತ್ರವಲ್ಲ, ವ್ಯಾಪಾರದಿಂದ. ಮಲೆನಾಡಿನ ಅಡಿಕೆ ಇಲ್ಲಿಗೆ ಬಂದು, ಇಲ್ಲಿಂದ ದೂರದ ಊರುಗಳಿಗೆ ಹೋಗುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ.

ಇಂಥ ಊರಿನ ಮಗ ತೋಟದಪ್ಪ. ಹುಟ್ಟಿದ್ದು 1838ರಲ್ಲಿ. ಬೆಂಗಳೂರಿಗೆ ಹೋಗಿ ವ್ಯಾಪಾರದಲ್ಲಿ ಹಣ ಸಂಪಾದಿಸಿದರು. ಆಗ ಬೆಂಗಳೂರಿಗೆ ರೈಲು ಬಂದಿತ್ತು. ಕೋರ್ಟಿನ ಕೆಲಸ, ಸಂತೆ, ಆಸ್ಪತ್ರೆ, ಓದು ಎಂದು ಹಳ್ಳಿಗಳಿಂದ ಜನ ಬಂದಿಳಿಯುತ್ತಿದ್ದರು. ಕತ್ತಲಾದರೆ ತಂಗುವುದೆಲ್ಲಿ? ಹೋಟೆಲಿಗೆ ಕೊಡಲು ಎಲ್ಲರ ಬಳಿಯೂ ದುಡ್ಡಿರುತ್ತದೆಯೇ? ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಬಳಿಯೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಛತ್ರದ ಬಾಗಿಲು ತೆರೆಯಿತು. ಊರಿಂದ ಬಂದ ಬಡ ವಿದ್ಯಾರ್ಥಿಗಳು ಉಳಿದುಕೊಂಡು ಓದಲು ಉಚಿತ ವಿದ್ಯಾರ್ಥಿನಿಲಯವನ್ನೂ ನಡೆಸಿದರು. ಮೈಸೂರಿನ ಮಹಾರಾಜರು ‘ಧರ್ಮಪ್ರವರ್ತ’ ಎಂಬ ಬಿರುದು ಕೊಟ್ಟರು. 1910ರಲ್ಲಿ ಅವರು ತೀರಿಕೊಂಡರು.

ಅವರ ಮುಂದೆ ‘ಬೆಂಗಳೂರು’ ಎಂದು ಸೇರಿಸಿಕೊಳ್ಳಬಹುದಿತ್ತು. ದುಡ್ಡು ಬೆಳೆದದ್ದು ಅಲ್ಲೇ ತಾನೆ? ಆದರೆ ಹೆಸರಿನ ತಲೆಯ ಮೇಲೆ ಕೂತದ್ದು ಗುಬ್ಬಿಯೇ. ಹೀಗಾಗಿ ಇಂದಿಗೂ ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿಯುವ ಲಕ್ಷಾಂತರ ಜನ, ಒಮ್ಮೆಯೂ ನೋಡದ ಊರಿನ ಹೆಸರನ್ನು ಬೋರ್ಡಿನಲ್ಲಿ ಓದಿಕೊಂಡು ಹೋಗುತ್ತಾರೆ.

ಆನೆ ಬಂತು, ಕುದುರೆ ಬಂತು

ಗುಬ್ಬಿಯ ಹೆಸರನ್ನು ಊರೂರಿಗೆ ಹೊತ್ತು ತಿರುಗಿದ್ದು ನಾಟಕ ಕಂಪನಿ. 1884ರಲ್ಲಿ ಚಂದಣ್ಣನವರು ಮತ್ತು ಅವರ ಗೆಳೆಯರು ಕಟ್ಟಿದ ಈ ತಂಡಕ್ಕೆ ಊರ ದೇವರಾದ ಚನ್ನಬಸವೇಶ್ವರನ ಹೆಸರಿಟ್ಟರು. ಪೂರ್ತಿ ಹೆಸರು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ. ಜನ ಅದನ್ನು ಚಿಕ್ಕದು ಮಾಡಿ ‘ಗುಬ್ಬಿ ಕಂಪನಿ’ ಎಂದರು.

ಈ ಕಂಪನಿಗೆ ಬಾಲಕನಾಗಿ ಸೇರಿ, ಮುಂದೆ ಅದರ ಯಜಮಾನರಾದವರು ವೀರಣ್ಣ. ‘ಸದಾರಮೆ’ ನಾಟಕದಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಟೀವಿ, ಮೊಬೈಲು ಇಲ್ಲದ ಕಾಲದಲ್ಲಿ ಕಣ್ಣೆದುರೇ ಆನೆ ನಡೆದು ಬಂದರೆ ಮಕ್ಕಳಿಗೆ ಹೇಗಾಗಿರಬೇಡ! ಕಂಪನಿ ಕನ್ನಡ ನಾಡಿನಲ್ಲಷ್ಟೇ ಅಲ್ಲ, ತಮಿಳು, ತೆಲುಗು ಸೀಮೆಗಳಲ್ಲೂ ಡೇರೆ ಹಾಕಿತು.

ಕಂಪನಿ ಒಂದು ಶಾಲೆಯೂ ಆಗಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂಬ ನಟರು ತಮ್ಮ ಮಗ ಮುತ್ತುರಾಜನನ್ನು ಚಿಕ್ಕಂದಿನಲ್ಲೇ ಇಲ್ಲಿಗೆ ಕರೆತಂದರು. ಅದೇ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಾಯಕನಾಗಿ, ನಮ್ಮೆಲ್ಲರ ಡಾ. ರಾಜ್‌ಕುಮಾರ್ ಆದರು. ದಕ್ಷಿಣ ಕನ್ನಡದಿಂದ ಓಡಿಬಂದ ಒಬ್ಬ ಹುಡುಗನೂ ಇಲ್ಲಿ ಸೇರಿಕೊಂಡ. ಅವನ ಓದಿನ ಆಸೆ ಕಂಡ ವೀರಣ್ಣನವರು ಅವನನ್ನು ಕಾಶಿಗೆ ಕಳಿಸಿ ಓದಿಸಿದರು. ಅವನೇ ಮುಂದೆ ದೇಶಕ್ಕೆಲ್ಲ ಹೆಸರಾದ ರಂಗನಿರ್ದೇಶಕ ಬಿ.ವಿ. ಕಾರಂತ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಈ ಕಂಪನಿಯ ಅನ್ನ ಉಂಡವರೇ.

1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು. ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಈಗ ಅವರ ಹೆಸರಿನಲ್ಲಿ ಸರ್ಕಾರ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತದೆ. ಅಲ್ಲಿಯೂ ಮುಂದೆ ಇರುವುದು ಗುಬ್ಬಿ.

ಊರು ಕೊಟ್ಟ ಹೆಸರು, ಕಾರು ಕೊಟ್ಟ ಹೆಸರು

ಇದಕ್ಕೆ ತಿರುಗುಮುರುಗಾದ ಒಂದು ಸಂಗತಿ ಜಪಾನಿನಲ್ಲಿದೆ. ಟೊಯೋಟಾ ಕಾರು ನಿಮಗೆ ಗೊತ್ತು. ಬೆಂಗಳೂರಿನ ಹತ್ತಿರ ಬಿಡದಿಯಲ್ಲೇ ಅದರ ಕಾರ್ಖಾನೆಯಿದೆ. ಆ ಹೆಸರು ಬಂದದ್ದು ಟೊಯೋಡಾ ಎಂಬ ಮನೆತನದಿಂದ. ಮನೆತನದಿಂದ ಕಂಪನಿಗೆ ಬಂತು. ಕಂಪನಿ ಜಪಾನಿನ ಕೊರೋಮೋ ಎಂಬ ಊರಿನಲ್ಲಿ ಬೆಳೆದು ದೊಡ್ಡದಾಯಿತು. 1959ರಲ್ಲಿ ಆ ಊರು ತನ್ನ ಹಳೆಯ ಹೆಸರನ್ನು ಬಿಟ್ಟು ಟೊಯೋಟಾ ನಗರವಾಯಿತು! ಒಂದೇ ಹೆಸರು ಈಗ ಅಲ್ಲಿ ಕಾರಿಗೂ ಇದೆ, ಊರಿಗೂ ಇದೆ.

ಅಲ್ಲಿ ಕಂಪನಿ ಊರಿಗೆ ಹೆಸರು ಕೊಟ್ಟಿತು. ನಮ್ಮಲ್ಲಿ ಊರು ಕಂಪನಿಗೆ ಹೆಸರು ಕೊಟ್ಟಿತು. ಅಲ್ಲಿ ಹಳೆಯ ಹೆಸರು ಹಿಂದೆ ಸರಿಯಿತು. ಇಲ್ಲಿ ಹಳೆಯ ಹೆಸರೇ ಬೆಳೆಯುತ್ತಾ ಹೋಯಿತು. ಈಗ ಗುಬ್ಬಿ ಲ್ಯಾಬ್ಸ್ ಎಂಬ ಸಂಶೋಧನಾ ತಂಡವೂ ಅದೇ ಹೆಸರಿನಲ್ಲಿ ವಿಜ್ಞಾನದ ಕೆಲಸ ಮಾಡುತ್ತಿದೆ. ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹಕ್ಕಿಯ ಹೆಸರಿನ ತಾಲ್ಲೂಕಿನಲ್ಲಿ ಈಗ ಕಬ್ಬಿಣದ ಹಕ್ಕಿಗಳ ಕೆಲಸ!

ನಿಜವಾದ ಗುಬ್ಬಿ ಎಲ್ಲಿ?

ಇಷ್ಟೆಲ್ಲ ಹೆಸರಿಗೆ ಕಾರಣವಾದ ಹಕ್ಕಿಯ ಗತಿ ಏನು? ಗುಬ್ಬಿ ತೂಗುವುದು ಸುಮಾರು 30 ಗ್ರಾಂ ಮಾತ್ರ. ಅದಕ್ಕೇ ಸಣ್ಣ ಕೆಲಸಕ್ಕೆ ದೊಡ್ಡ ಆಯುಧ ಎತ್ತಿದವರಿಗೆ ‘ಗುಬ್ಬಿ ಮೇಲೆ ಬ್ರಹ್ಮಾಸ್ತ್ರ’ ಎನ್ನುವುದು. ಮಾವಿನಕಾಯನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ ಗೆಳೆಯರಿಗೆ ಹಂಚಿದರೆ ಅದು ಗುಬ್ಬಿ ಎಂಜಲು, ತಿಂದರೆ ತಪ್ಪಿಲ್ಲ!

ಗುಬ್ಬಿ ಕಾಡಿನ ಹಕ್ಕಿಯಲ್ಲ, ಮನೆಯ ಹಕ್ಕಿ. ಮನುಷ್ಯ ಎಲ್ಲಿ ಮನೆ ಕಟ್ಟಿದರೆ ಅಲ್ಲಿ ಗೂಡು ಕಟ್ಟುತ್ತದೆ. ಹೆಂಚಿನ ಸಂದು, ತೊಲೆಯ ಮೂಲೆ, ಗೋಡೆಯ ಪಟದ ಹಿಂಭಾಗ ಅದಕ್ಕೆ ಸಾಕು. ಆದರೆ ಕಾಂಕ್ರೀಟಿನ ಮನೆಯಲ್ಲಿ ಸಂದಿಯೇ ಇಲ್ಲ. ಅಂಗಳದಲ್ಲಿ ರಾಗಿ ಒಣಹಾಕುವುದು, ಮೊರದಲ್ಲಿ ಅಕ್ಕಿ ಕೇರುವುದು ಕಡಿಮೆಯಾಗಿದೆ. ದೊಡ್ಡ ಗುಬ್ಬಿಗಳು ಕಾಳು ತಿಂದರೂ ಮರಿಗಳಿಗೆ ಹುಳುಹುಪ್ಪಟೆ ಬೇಕು. ಔಷಧ ಹೊಡೆದ ತೋಟದಲ್ಲಿ ಹುಳು ಎಲ್ಲಿಂದ ಬರಬೇಕು? ಹೀಗಾಗಿ ನಗರಗಳಲ್ಲಿ ಗುಬ್ಬಿ ಅಪರೂಪವಾಯಿತು. 2010ರಿಂದ ಪ್ರತಿ ಮಾರ್ಚ್ 20ನ್ನು ವಿಶ್ವ ಗುಬ್ಬಿ ದಿನವೆಂದು ಆಚರಿಸುತ್ತಾರೆ. ಬಿಸಿಲಿನಲ್ಲಿ ಒಂದು ಅಗಲ ಬಟ್ಟಲು ನೀರು, ಜಗುಲಿಯ ಮೂಲೆಯಲ್ಲೊಂದು ತೂತಿರುವ ರಟ್ಟಿನ ಪೆಟ್ಟಿಗೆ ಇಡುವುದು ನಿಮ್ಮಿಂದಲೂ ಆಗುವ ಕೆಲಸ.

ನಿಮ್ಮ ಇನಿಷಿಯಲ್‌ನಲ್ಲಿ ಯಾವ ಊರಿದೆ?

ಹಕ್ಕಿಯ ಹಾಗೆ ಹೆಸರಿಗೂ ಒಂದು ಗೂಡು ಬೇಕು. ನಮ್ಮ ಹಿರಿಯರು ಆ ಗೂಡನ್ನು ತಮ್ಮ ಹೆಸರಿನಲ್ಲೇ ಕಟ್ಟಿಕೊಟ್ಟಿದ್ದರು. ಜಿ.ಎಚ್. ವೀರಣ್ಣ ಎಂದರೆ ಗುಬ್ಬಿ ಹಂಪಣ್ಣ ವೀರಣ್ಣ. ಮೊದಲ ಅಕ್ಷರ ಊರು, ಎರಡನೆಯದು ತಂದೆ, ಆಮೇಲೆ ತಾನು. ಬಿ.ವಿ. ಕಾರಂತರ ‘ಬಿ’ ಎಂದರೆ ಬಾಬುಕೋಡಿ. ಪುಟ್ಟಸ್ವಾಮಯ್ಯನವರ ಮುಂದೆ ಸಿಂಗಾನಲ್ಲೂರು. ಒಂದೊಂದು ಇನಿಷಿಯಲ್‌ನೊಳಗೂ ಒಂದು ಊರು, ಅದರ ಕೆರೆ, ಜಾತ್ರೆ ಅಡಗಿ ಕೂತಿರುತ್ತವೆ.

ಈಗ ಶಾಲೆಯ ಅರ್ಜಿಗಳಲ್ಲಿ ಊರಿನ ಅಕ್ಷರಕ್ಕೆ ಜಾಗ ಕಡಿಮೆ. ಎಷ್ಟೋ ಮಕ್ಕಳ ಹೆಸರಿನಲ್ಲಿ ತಂದೆಯ ಹೆಸರಷ್ಟೇ ಉಳಿದಿದೆ. ಊರಿನ ಅಕ್ಷರ ಇದ್ದವರಿಗೂ ಅದು ಏನೆಂದು ಗೊತ್ತಿರುವುದಿಲ್ಲ. ಕುಣಿಗಲ್‌ಗೆ ತನ್ನ ಕೆರೆಯ ಜನಪದ ಹಾಡಿದೆ, ಕುದುರೆ ಫಾರಂ ಇದೆ. ಆ ಹೆಸರು ಉಳಿಯುತ್ತದೆ. ಹೆಸರಿನಲ್ಲೇ ಅಮೃತ ಇಟ್ಟುಕೊಂಡಿರುವ ಅಮೃತೂರಿನಂಥ ಊರುಗಳನ್ನು ಹೊತ್ತು ನಡೆಯುವವರು ಯಾರು?

ಗುಬ್ಬಿ ದೊಡ್ಡ ಊರಾಗಿದ್ದರಿಂದ ಅದರ ಹೆಸರು ದೊಡ್ಡದಾಗಲಿಲ್ಲ. ಊರು ಬಿಟ್ಟು ಹೋದವರು ಹೆಸರು ಬಿಡಲಿಲ್ಲ, ಆ ಹೆಸರಿನ ಕೆಳಗೆ ಒಳ್ಳೆಯ ಕೆಲಸ ಮಾಡಿದರು. ಒಬ್ಬರು ದಣಿದವರಿಗೆ ಸೂರು ಕೊಟ್ಟರು, ಒಬ್ಬರು ಜನರನ್ನು ನಗಿಸಿದರು, ಒಬ್ಬರು ಕಾವ್ಯ ಬರೆದರು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ: ‘ನಮ್ಮ ಮೂಲ ಊರು ಯಾವುದು? ಅದಕ್ಕೆ ಆ ಹೆಸರು ಯಾಕೆ ಬಂತು?’ ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ನಿಮ್ಮ ಹೆಸರಿನ ಮುಂದೆ, ಪೂರ್ತಿಯಾಗಿ ಬರೆದುಕೊಳ್ಳಿ.