ಮನೆಯ ಮಾಷ್ಟ್ರುಗಳು

ಹಬ್ಬಗಳನ್ನು ನಿರ್ಣಯಿಸುವ ಅಧಿಕಾರ ಪಂಚಾಂಗಕ್ಕೆ ಸೇರಿದ್ದೆಂದು ಲೋಕವೆಲ್ಲ ನಂಬಿದ್ದರೂ, ನಮ್ಮ ಕುಟುಂಬದಲ್ಲಿ ಮಾತ್ರ ಅದು ಬಹುಕಾಲದಿಂದ ವಿದ್ಯಾ ಇಲಾಖೆಯ ಕೈಯಲ್ಲಿದೆ. ಚೌತಿಗೆ ದೊರೆಯುವ ಒಂದು ದಿನದ ರಜೆಯಲ್ಲಿ, ಶಿವಮೊಗ್ಗೆಯಿಂದಲೋ ಶಿರಸಿಯಿಂದಲೋ ಹೊರಟ ಉಪಾಧ್ಯಾಯನೊಬ್ಬನು ಘಟ್ಟವಿಳಿದು, ಕುಂದಾಪುರದ ಸಮೀಪದ ಅಜ್ಜಯ್ಯನ ಮನೆಯನ್ನು ಸೇರಿ, ಕಡುಬು ತಿಂದು, ಮರುದಿನದ ಪ್ರಾರ್ಥನೆಯ ಹೊತ್ತಿಗೆ ತನ್ನ ಶಾಲೆಯ ಅಂಗಳದಲ್ಲಿ ನಿಲ್ಲುವುದು ಅಸಾಧ್ಯವಾದ ಕಾರಣ, ನಾವೆಲ್ಲ ಒಂದೆಡೆ ಕೂಡುವ ಮಹೋತ್ಸವವೆಂದರೆ ನವರಾತ್ರಿಯೇ ಆಗಿದೆ. ದಸರಾ ರಜೆಯೆಂಬ ದೀರ್ಘ ವಿರಾಮ ಬರುವುದು ಆಗ. ಮುತ್ತಜ್ಜ ಐಗಳ ಮಠ ನಡೆಸಿದವರು. ಅಜ್ಜಯ್ಯ ಎಲಿಮೆಂಟರಿ ಶಾಲೆಯ ಹೆಡ್‌ಮಾಸ್ಟರು. ದೊಡ್ಡಮ್ಮ ಕನ್ನಡ ಪಂಡಿತೆ. ಸೋದರಮಾವ ಗಣಿತದ ಮಾಷ್ಟ್ರು. ಚಿಕ್ಕಮ್ಮ ಮತ್ತು ಆಕೆಯ ಯಜಮಾನರು ಒಂದೇ ಶಾಲೆಯ ಅಕ್ಕಪಕ್ಕದ ತರಗತಿಗಳ ಒಡೆಯರು. ಬ್ಯಾಂಕಿನ ಗುಮಾಸ್ತಿಕೆಗೆ ಸೇರಿದ ನಾನು, ಮನೆತನದ ವಿದ್ಯೆಯೊಡನೆ ಮನೆತನದ ಬಡತನವನ್ನೂ ತೊರೆದವನೆಂಬ ಆಕ್ಷೇಪಣೆಗೆ ಪ್ರತಿ ನವರಾತ್ರಿಯಲ್ಲಿಯೂ ಗುರಿಯಾಗುತ್ತೇನೆ.

ಉಪಾಧ್ಯಾಯವೃತ್ತಿಗೆ ಇತರ ವೃತ್ತಿಗಳಿಗಿಲ್ಲದ ಒಂದು ಲಕ್ಷಣವುಂಟು. ವಕೀಲನು ಕರಿಯ ಕೋಟನ್ನು ಗೂಟಕ್ಕೆ ತಗುಲಿಸಿದೊಡನೆ ವಕೀಲನಲ್ಲದಿರಬಲ್ಲನು. ಉಪಾಧ್ಯಾಯನಿಗೆ ತೆಗೆದಿರಿಸಲು ಅಂಥ ಕೋಟಿಲ್ಲ. ಚಾವಡಿಯಲ್ಲಿ ಎಲೆ ಹಾಕಿ ಮಕ್ಕಳನ್ನು ಊಟಕ್ಕೆ ಕುಳ್ಳಿರಿಸುವಾಗ ಚಿಕ್ಕಮ್ಮ ಅವರನ್ನು ಎತ್ತರಕ್ಕನುಗುಣವಾಗಿ ಸಾಲುಗೊಳಿಸುವರು. ತಲೆ ಎಣಿಸಿ, ಒಂದು ಕಡಮೆ ಕಂಡರೆ ಪಾಯಸದ ಸೌಟನ್ನು ಅಲ್ಲಿಯೇ ತಡೆದು ನಿಲ್ಲಿಸುವರು. ಸೋದರಮಾವನಂತೂ ಹೋಳಿಗೆಯನ್ನು ಹಂಚುವಾಗಲೂ ಭಿನ್ನರಾಶಿಯನ್ನು ಮರೆಯುವವರಲ್ಲ. ಊರಿನಿಂದ ಕ್ಷೇಮಸಮಾಚಾರದ ಕಾಗದ ಬರೆದ ಅಳಿಯನೊಬ್ಬನಿಗೆ, ಅವನು ಹಬ್ಬಕ್ಕೆ ಬಂದಾಗ, ದೊಡ್ಡಮ್ಮ ಅದೇ ಕಾಗದವನ್ನು ಒತ್ತಕ್ಷರಗಳ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು ಹಿಂದಿರುಗಿಸಿದರೆಂಬ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಅಳಿಯನು ಅದನ್ನು ಇಂದಿಗೂ ನಿರಾಕರಿಸುವನು, ದೊಡ್ಡಮ್ಮ ನಿರಾಕರಿಸುವುದಿಲ್ಲ.

ಇವರೆಲ್ಲ ಬರುವಾಗ ಬಟ್ಟೆಬರೆಗಳ ಜೊತೆಗೆ ಇನ್ನೊಂದು ಹೊರೆಯೂ ಬರುತ್ತದೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದೇ ದಸರಾ ರಜೆ ಮೊದಲಾಗುವುದರಿಂದ, ದಾರ ಬಿಗಿದ ಉತ್ತರಪತ್ರಿಕೆಗಳ ಕಟ್ಟುಗಳು ನಮ್ಮ ಮನೆಯ ಬೆಂಚು, ಕಪಾಟು, ಕಿಟಕಿಗಳನ್ನೆಲ್ಲ ಆಕ್ರಮಿಸುವುವು. ಜಗಲಿಯಲ್ಲಿ ಒಬ್ಬರು ಅಶೋಕನಿಂದ ಮರ ನೆಡಿಸುತ್ತಿದ್ದರೆ, ಪಡಸಾಲೆಯಲ್ಲಿ ಇನ್ನೊಬ್ಬರು ತ್ರಿಕೋನವೊಂದರ ಮೂರು ಕೋನಗಳ ಮೊತ್ತ ಇನ್ನೂರನ್ನು ಮೀರಿತೆಂದು ತಲೆಗೆ ಕೈಹಚ್ಚಿ ಕುಳಿತಿರುವರು. ಇಂಥ ಸಂಕಟದ ನಡುವೆ ಮೂಲಾ ನಕ್ಷತ್ರದ ದಿನ ಶಾರದೆಯ ಸ್ಥಾಪನೆಯಾಗುತ್ತದೆ. ಮಣೆಯ ಮೇಲೆ ಪುಸ್ತಕಗಳನ್ನಿರಿಸಿ, ಅರಶಿನ ಕುಂಕುಮಗಳಿಂದ ಪೂಜಿಸಿದ ಬಳಿಕ, ವಿಜಯದಶಮಿಯಂದು ವಿಸರ್ಜನೆಯಾಗುವವರೆಗೆ ಅವುಗಳನ್ನು ತೆರೆದು ಓದಬಾರದೆಂಬುದು ಸಂಪ್ರದಾಯ. ಈ ನಿಯಮವನ್ನು ಮಕ್ಕಳು ಎಷ್ಟು ಭಕ್ತಿಯಿಂದ ಪಾಲಿಸುವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಗ್ಗಿಯ ಪುಸ್ತಕವೇ ಮೊತ್ತಮೊದಲು ಮಣೆಯೇರುವುದು. ಆದರೆ ದೀಪ ಹಚ್ಚುವ ಗಡಿಬಿಡಿಯಲ್ಲಿ ಸೋದರಮಾವನು ಉತ್ತರಪತ್ರಿಕೆಗಳ ಕಟ್ಟನ್ನೂ ಮೆಲ್ಲನೆ ತಂದು, ಗ್ರಂಥಗಳ ಅಡಿಗೆ ಸರಿಸಿ, ವಿಸರ್ಜನೆಯವರೆಗೆ ಆ ಭಾರವನ್ನು ದೇವಿಗೆ ಒಪ್ಪಿಸಿ ನಮಸ್ಕರಿಸುವ ಭಂಗಿಯನ್ನು ಕಂಡಾಗ, ವಿದ್ಯೆಯಿಂದ ಬಿಡುಗಡೆಯನ್ನು ಬಯಸುವುದರಲ್ಲಿ ಗುರುವಿಗೂ ಶಿಷ್ಯನಿಗೂ ಭೇದವಿಲ್ಲವೆಂಬುದು ನನಗೆ ಮನವರಿಕೆಯಾಯಿತು.

ಮುತ್ತಜ್ಜನ ಕಾಲದಲ್ಲಿ ನವರಾತ್ರಿ ಉಪಾಧ್ಯಾಯನ ಬಿಡುವಿನ ಕಾಲವಾಗಿರಲಿಲ್ಲ. ಅದು ಅವನ ಸುಗ್ಗಿಯಾಗಿತ್ತು. ಸರಕಾರದ ಶಾಲೆಗಳು ಊರೂರಿಗೆ ಹರಡುವುದಕ್ಕೆ ಮುಂಚೆ, ಯಾರದೋ ಮನೆಯ ಜಗಲಿಯಲ್ಲಿ ಹುಡುಗರನ್ನು ನೆರೆಯಿಸಿ, ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿ, ಲೆಕ್ಕ ಕಲಿಸಿ, ಕಾವ್ಯ ಓದಿಸುತ್ತಿದ್ದ ಐಗಳಿಗೆ ತಿಂಗಳ ಸಂಬಳವೆಂಬುದು ಇರಲಿಲ್ಲ. ಹುಡುಗರ ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಪುಡಿಕಾಸುಗಳೇ ಅವರ ಜೀವನಾಧಾರ. ಮಹಾನವಮಿ ಬಂದಾಗ ಐಗಳು ತಮ್ಮ ಮಠದ ಹುಡುಗರಿಗೆ ಬಿಳಿಯ ಉಡುಪು, ಬಣ್ಣದ ಟೋಪಿಗಳನ್ನು ತೊಡಿಸಿ, ಹೂಗಳಿಂದ ಅಲಂಕರಿಸಿದ ಕೋಲುಗಳನ್ನು ಅವರ ಕೈಗಿತ್ತು, ಮನೆಮನೆಗೆ ಕರೆದೊಯ್ಯುತ್ತಿದ್ದರು. ಹುಡುಗರು ಚಾವಡಿಯಲ್ಲಿ ಎದುರುಬದುರಾಗಿ ಕುಳಿತು, ಮನೆಯವರಿಗೆ ಶುಭವನ್ನು ಕೋರುವ ಪದ್ಯಗಳನ್ನು ಹೇಳಿ, ಭಾಗವತಿಕೆಗೂ ಮದ್ದಲೆಗೂ ಹೊಂದಿಕೊಂಡು ರಾಮಾಯಣದ್ದೋ ಭಾರತದ್ದೋ ಒಂದು ತುಣುಕು ಪ್ರಸಂಗಕ್ಕೆ ಅರ್ಥ ಹೇಳುವರು. ಎಂಟು ಹತ್ತು ವರ್ಷದ ಬಾಲಕನು ಕರ್ಣನಾಗಿ ಶಲ್ಯನೊಡನೆ ವಾದಿಸುವುದನ್ನು ಕೇಳಿ ಅಜ್ಜಿಯರು ಕಣ್ಣೊರೆಸಿಕೊಳ್ಳುವರು. ಕೊನೆಗೆ ಹರಿವಾಣದಲ್ಲಿ ಬರುವ ಅಕ್ಕಿ, ಕಾಯಿ, ವೀಳ್ಯ, ದಕ್ಷಿಣೆಗಳು ಐಗಳಿಗೆ ಸಲ್ಲುವುವು. ಕುಂದಾಪುರದ ಕಡೆ ಹೂವಿನ ಕೋಲೆಂದು ಕರೆಯುವ ಈ ಕಲೆಯನ್ನು ಈಗಲೂ ಕೆಲವು ತಂಡಗಳು ಪ್ರೀತಿಯಿಂದ ಉಳಿಸಿಕೊಂಡು ಬಂದಿವೆ. ಘಟ್ಟದ ಮೇಲಿನ ಹಳೆಯ ಮೈಸೂರು ಸೀಮೆಯಲ್ಲಿಯೂ ಕೂಲಿಮಠದ ಉಪಾಧ್ಯಾಯರು ಹುಡುಗರಿಂದ ಮಹಾನವಮಿಯ ಚೌಪದಿಗಳನ್ನು ಹಾಡಿಸುತ್ತ ಮನೆಗಳನ್ನು ಸಂದರ್ಶಿಸುವ ವಾಡಿಕೆಯಿತ್ತು.

ಇದನ್ನು ಭಿಕ್ಷಾಟನೆಯೆಂದು ಭಾವಿಸುವವರುಂಟು. ಬ್ಯಾಂಕಿನವನಾದ ನಾನು ಅದನ್ನು ಬೇರೆ ವಿಧವಾಗಿ ಕಾಣುತ್ತೇನೆ. ಐಗಳು ಬರಿಗೈಯಲ್ಲಿ ಬಂದು ಕೇಳುತ್ತಿರಲಿಲ್ಲ. ವರ್ಷವಿಡೀ ತಾವು ಕಲಿಸಿದ್ದನ್ನು, ಕಲಿತವನ ಬಾಯಿಂದಲೇ, ಕಲಿಸಲು ಕಳುಹಿದವರ ಮುಂದೆ ಹೇಳಿಸಿ ತೋರಿಸಿದ ಮೇಲೆಯೇ ಹರಿವಾಣದತ್ತ ನೋಡುತ್ತಿದ್ದರು. ಅಕ್ಷರದ ಜಮಾಖರ್ಚನ್ನು ಹೀಗೆ ಊರೆಲ್ಲರ ಎದುರಿನಲ್ಲಿ ಬಿಚ್ಚಿಡುವ ಪದ್ಧತಿ ಅನಂತರ ಬಂದ ಯಾವ ಇನ್‌ಸ್ಪೆಕ್ಟರರ ತನಿಖೆಗೂ ಸರಿಮಿಗಿಲಾದುದು. ಅಜ್ಜಯ್ಯನ ಕಾಲಕ್ಕೆ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು; ಎಂಟನೆಯ ತರಗತಿಯ ಕೊನೆಗೆ ಇ.ಎಸ್.ಎಲ್.ಸಿ. ಪರೀಕ್ಷೆ, ಉಪಾಧ್ಯಾಯರಿಗೆ ಟ್ರೈನಿಂಗು, ತಿಂಗಳಿಗೊಮ್ಮೆ ಸಂಬಳ ಇವೆಲ್ಲ ರೂಢಿಗೆ ಬಂದುವು. ಸಂಬಳ ಅಲ್ಪವಾಗಿದ್ದರೂ ಕ್ರಮವಾದುದಾಗಿತ್ತು. ಆದುದರಿಂದ ನವರಾತ್ರಿಯಲ್ಲಿ ಅಜ್ಜಯ್ಯ ಊರ ಮನೆಗಳ ಮೆಟ್ಟಿಲು ಹತ್ತಬೇಕಾಗಲಿಲ್ಲ. ಅವರು ಮನೆಯಲ್ಲಿಯೇ ಉಳಿದು, ಗದ್ದೆಯ ಹೊಸ ಕದಿರನ್ನು ತಂದು ಕಟ್ಟಿ, ಹೊಸತಿನ ಊಟಕ್ಕೆ ಬಂಧುಗಳನ್ನು ಕರೆಯತೊಡಗಿದರು. ನಮ್ಮ ಸಮ್ಮೇಳನದ ಮೂಲ ಇದು. ಉಪಾಧ್ಯಾಯನಿಗೆ ಸಂಬಳ ಬಂದುದರಿಂದ ಅವನ ಮನೆಯಲ್ಲಿ ಹಬ್ಬ ಹುಟ್ಟಿತು.

ಆದರೆ ಅದರಿಂದಲೇ ಒಂದು ನಷ್ಟವೂ ಆಯಿತು. ಊರಿನವರು ಚಾವಡಿಯಲ್ಲಿ ಕುಳ್ಳಿರಿಸಿ ಮನ್ನಿಸುತ್ತಿದ್ದ ಗುರು, ತನ್ನ ಮನೆಯಲ್ಲಿ ಬರಿಯ ಮಾವ, ಬರಿಯ ಚಿಕ್ಕಮ್ಮ. ಸೆಪ್ಟೆಂಬರ್ 5ರಂದು, 1962ರಿಂದೀಚೆಗೆ ರಾಧಾಕೃಷ್ಣನ್ ಅವರ ಜನ್ಮದಿನದ ನೆಪದಲ್ಲಿ, ದೇಶವೆಲ್ಲ ಉಪಾಧ್ಯಾಯರಿಗೆ ಶಾಲು ಹೊದಿಸುತ್ತದೆ. ಆ ಶಾಲು ಮನೆಗೆ ಬಂದ ಮೇಲೆ ಮಗುವಿನ ತೊಟ್ಟಿಲಿಗೆ ಹಾಸಾಗುತ್ತದೆ. ಮನೆಯೊಳಗಿನ ಮಾಷ್ಟ್ರನ್ನು ಮನೆಯವರು ಹೇಗೆ ಕಾಣುವರೆಂಬುದಕ್ಕೆ ನಮ್ಮ ಕರಾವಳಿಯ ಸಾಹಿತ್ಯದಲ್ಲಿಯೇ ಒಂದು ನಿದರ್ಶನವಿದೆ. 1870ರಲ್ಲಿ ಹುಟ್ಟಿದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಕುಂದಾಪುರದಲ್ಲಿಯೂ ಉಡುಪಿಯಲ್ಲಿಯೂ ಹುಡುಗರಿಗೆ ಡ್ರಿಲ್ ಮಾಡಿಸುವ ಉಪಾಧ್ಯಾಯರಾಗಿದ್ದರು. ಹಗಲೆಲ್ಲ ಬಯಲಿನಲ್ಲಿ ಆಜ್ಞೆಗಳನ್ನು ಕೂಗಿದ ಆ ಬಡ ಮಾಷ್ಟ್ರು ಮುದ್ದಣನೆಂಬ ಹೆಸರಿನಲ್ಲಿ ‘ಶ್ರೀರಾಮಾಶ್ವಮೇಧ’ವನ್ನು ಬರೆದಾಗ, ಕಥೆ ಕೇಳುವುದಕ್ಕೆ ಪಂಡಿತರ ಸಭೆಯನ್ನು ಕಲ್ಪಿಸಲಿಲ್ಲ, ಮಳೆಗಾಲದ ಮನೆಯೊಳಗೆ ಮಡದಿ ಮನೋರಮೆಯನ್ನು ಎದುರಿಗೆ ಕುಳ್ಳಿರಿಸಿಕೊಂಡರು. ಸಂಸ್ಕೃತ ಹೆಚ್ಚಾದೊಡನೆ ಆಕೆ ತಡೆಯುವಳು, ಸಂದೇಹ ಬಂದೊಡನೆ ಕೇಳುವಳು, ಆಗಾಗ ಕೆಣಕುವಳು. ಮುದ್ದಣನು ಸೋತು, ಒಲಿದು, ಮುಂದುವರಿಸುವನು. 1901ರಲ್ಲಿ, ಕ್ಷಯದಿಂದ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ಉಪಾಧ್ಯಾಯರಿಗೆ ಬದುಕಿರುವಾಗ ಲೋಕದಿಂದ ಶಾಲು ದೊರೆಯಲಿಲ್ಲ. ಆದರೆ ಕಾವ್ಯದೊಳಗಿನ ಮುದ್ದಣನಿಗೆ, ಮುಂದೇನಾಯಿತೆಂದು ಕೇಳುವ ಒಬ್ಬಾಕೆ ಇದ್ದಳು.

ಮನೋರಮೆಯ ಈ ಕುತೂಹಲವನ್ನು ನೆನೆದಾಗಲೆಲ್ಲ, ಮನೆಯ ಮಾಷ್ಟ್ರುಗಳಿಗೆ ಮನೆಯವರು ಸಲ್ಲಿಸಬೇಕಾದ ಕಾಣಿಕೆ ಯಾವುದೆಂಬುದು ನನಗೆ ಸ್ಪಷ್ಟವಾಗುತ್ತದೆ. ಸೀರೆ ಕೊಟ್ಟರೆ ದೊಡ್ಡಮ್ಮ “ದುಡ್ಡು ಹಾಳು ಮಾಡಿದೆ ಮಾರಾಯ” ಎಂದು ಗದರಿಸಿ ಪೆಟ್ಟಿಗೆಗೆ ಸೇರಿಸುವರು. ಆದರೆ ನಿವೃತ್ತರಾಗಿ ಎಷ್ಟೋ ಕಾಲವಾಗಿ, ಕಿವಿ ಮಂದವಾಗಿ, ಹಬ್ಬದ ಗದ್ದಲದ ನಡುವೆ ಒಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅವರ ಬಳಿಗೆ ಹುಡುಗಿಯೊಬ್ಬಳು ಪಠ್ಯಪುಸ್ತಕವನ್ನು ಹಿಡಿದು ಬಂದು, “ಅಜ್ಜೀ, ಈ ಷಟ್ಪದಿಗೆ ಪ್ರಸ್ತಾರ ಹಾಕುವುದು ಹೇಗೆ? ನಮ್ಮ ಟೀಚರ್ ಹೇಳಿದ್ದು ನನಗೆ ತಿಳಿಯಲಿಲ್ಲ” ಎಂದಾಗ, ಆ ಮುಖದಲ್ಲಿ ಉಂಟಾದ ಬದಲಾವಣೆಯನ್ನು ನಾನು ಕಂಡಿದ್ದೇನೆ. ಬತ್ತಿ ಕೆಳಗೆ ಬಿತ್ತು; ಬೆನ್ನು ನೆಟ್ಟಗಾಯಿತು; ಲಘು ಗುರುಗಳು ಬೆರಳಿನ ಗೆಣ್ಣುಗಳ ಮೇಲೆ ಸಾಲಾಗಿ ನಿಂತುವು; ಅಡುಗೆಮನೆಯಿಂದ ಊಟಕ್ಕೆ ಕರೆ ಬಂದರೂ ಗಣವಿಭಾಗ ಮುಗಿಯುವವರೆಗೆ ಯಾರೂ ಏಳುವಂತಿರಲಿಲ್ಲ. ಅಂದು ವಿಸರ್ಜನೆಗೆ ಮುಂಚೆಯೇ ಮಣೆಯಿಂದ ಪುಸ್ತಕ ತೆಗೆದುದಕ್ಕಾಗಿ ಹುಡುಗಿಯನ್ನು ಗದರಿಸುವುದನ್ನು ಕೂಡ ದೊಡ್ಡಮ್ಮ ಮರೆತಿದ್ದರು.

ಇದನ್ನು ಕಂಡ ನಮ್ಮ ಹುಡುಗನೊಬ್ಬನು, ಮಾವನನ್ನೂ ಹಾಗೆಯೇ ಸಂತೋಷಪಡಿಸುವ ಸದುದ್ದೇಶದಿಂದ, ತನಗೆ ಚೆನ್ನಾಗಿ ತಿಳಿದಿದ್ದ ಬಡ್ಡಿಯ ಲೆಕ್ಕವೊಂದನ್ನು ತಿಳಿಯದವನಂತೆ ಕೇಳಿದನು. ಕನ್ನಡಕದ ಮೇಲಿನಿಂದ ಅವನನ್ನು ನೋಡಿದ ಮಾವನು, “ಗೊತ್ತಿರುವುದನ್ನು ಕೇಳುವವನು ಇನ್‌ಸ್ಪೆಕ್ಟರು; ನೀನು ಶಿಷ್ಯನಾಗಿ ಬಾ” ಎಂದು ಹಿಂದಕ್ಕೆ ಕಳುಹಿಸಿದರು. ಜೀವಮಾನವೆಲ್ಲ ಹುಡುಗರ ಕಣ್ಣುಗಳನ್ನು ಓದಿದವರ ಮುಂದೆ ಅಜ್ಞಾನದ ನಟನೆ ನಡೆಯದು. ಅವರಿಗೆ ಸಲ್ಲುವುದು ಅಪ್ಪಟವಾದ ಅಜ್ಞಾನವೇ. ಆದಕಾರಣ ಬರುವ ನವರಾತ್ರಿಗೆ ಹೊರಡುವ ಮುನ್ನ ನನಗೆ ನಿಜವಾಗಿಯೂ ತಿಳಿಯದ ಒಂದೆರಡು ಸಂಗತಿಗಳನ್ನು ಹುಡುಕಿಟ್ಟುಕೊಳ್ಳಬೇಕೆಂದಿದ್ದೇನೆ. ಅದಕ್ಕಾಗಿ ನಾನು ಬಹಳ ದೂರ ಹೋಗಬೇಕಾಗಿಲ್ಲವೆಂಬುದರಲ್ಲಿ ನಮ್ಮ ಮನೆಯ ಮಾಷ್ಟ್ರುಗಳೆಲ್ಲರೂ ಏಕಾಭಿಪ್ರಾಯವುಳ್ಳವರಾಗಿದ್ದಾರೆ.